ಒಂಬೈನೂರ ತೊಂಬತ್ತೆಂಟು ತಣ್ಣನೆಯ ದಿನ

೨೦೬೩ನೆಯ ಇಸವಿ ಮಾರ್ಚ್ ತಿಂಗಳ ಐದನೆಯ ತಾರೀಖು, ಸೋಮವಾರ. ದಾವಣಗೆರೆಯ ವಾಯುಲೆಕ್ಕ ಕೇಂದ್ರದಲ್ಲಿ ಫೆಬ್ರವರಿಯ ಹಾಳೆ ಹೊರಬಿದ್ದಿತು. ಅದರಲ್ಲಿ ಮೂವತ್ತೇಳನೆಯ ಭಟ್ಟಿಯ ಮುಂದೆ ಇದ್ದ ಅಂಕಿ ಒಂದು ಸಾವಿರದ ನೂರ ನಲವತ್ತೆಂಟು ಕಿಲೋ ಹೊಗೆಧೂಳು.

ಲೆಕ್ಕದ ಮುಖ್ಯಸ್ಥ ಉಜ್ಜಿನಪ್ಪ ಅದನ್ನು ಎರಡು ಸಲ ಓದಿದರು. ಇಪ್ಪತ್ತಾರು ವರ್ಷ ಸರ್ಕಾರಿ ಲೆಕ್ಕದಲ್ಲಿ ಕಳೆದ ಮನುಷ್ಯ. ಹಾಳೆಯ ಕೆಳಗೆ ಸಹಿ ಹಾಕಲು ತೆರೆದಿದ್ದ ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟರು.

ಉಸಿರುಬಾಕಿ ಕಾಯಿದೆ ಜಾರಿಗೆ ಬಂದು ಆಗ ಮೂರು ವರ್ಷ. ಅದರ ಬುಡದಲ್ಲಿದ್ದ ವಿಜ್ಞಾನ ಸರಳವಾದದ್ದು. ಹೊಗೆಗೆ ಹೆಸರಿಲ್ಲ, ಹೆಸರಿಲ್ಲದ್ದರಿಂದ ಅದಕ್ಕೆ ಒಡೆಯನೂ ಇಲ್ಲ. ಆದ್ದರಿಂದ ಮಂಡಕ್ಕಿ ಹುರಿಯುವ ಪ್ರತಿಯೊಂದು ಭಟ್ಟಿಗೂ ಬೇರೆ ಬೇರೆ ಬಗೆಯ ಗುರುತುಪುಡಿಯನ್ನು ಕೊಡಲಾಯಿತು. ಒಂದು ಕಿಲೋ ಹೊಟ್ಟಿಗೆ ಒಂದು ಗ್ರಾಂ ಬೆರೆಸಿ ಉರಿಸಬೇಕು. ಬೆಂಕಿಯಲ್ಲಿ ಸುಡದ, ನೀರಿನಲ್ಲಿ ಕರಗದ, ಮೈಯೊಳಗೆ ಹೊಕ್ಕರೂ ಕೇಡು ಮಾಡದ ಆ ಪುಡಿ ಹೊಗೆಯ ಜೊತೆಗೆ ಹಾರಿ, ಎಲ್ಲಿ ಕೂತರೂ ತಾನು ಯಾವ ಭಟ್ಟಿಯದೆಂದು ಯಂತ್ರಕ್ಕೆ ಹೇಳುತ್ತಿತ್ತು. ಊರಿನ ಇನ್ನೂರ ಹನ್ನೆರಡು ಮನೆಗಳ ಹಿತ್ತಲ ಗೋಡೆಗಳಿಗೆ ಧೂಳುಪೆಟ್ಟಿಗೆಗಳನ್ನು ಜಡಿದಿದ್ದರು; ಮೊದಲು ಬೀದಿಕಂಬಗಳ ಮೇಲಿದ್ದ ಅವು ಹಿತ್ತಲಿಗೆ ಇಳಿದದ್ದು ಆ ವರ್ಷದ ಜನವರಿಯ ಕೊನೆಯಲ್ಲಿ. ಒಂದು ಪೆಟ್ಟಿಗೆ ನಾಲ್ಕುನೂರು ಮನೆಗಳ ಪ್ರತಿನಿಧಿ. ಅದರಲ್ಲಿ ಸಿಕ್ಕಿದ್ದನ್ನು ನಾಲ್ಕುನೂರರಿಂದ ಗುಣಿಸಿ ಹಾಳೆಗೆ ಏರಿಸುವುದು ಯಂತ್ರದ ಕೆಲಸ. ತಿಂಗಳಿಗೆ ನೂರೈವತ್ತು ಕಿಲೋ ಪ್ರತಿ ಭಟ್ಟಿಯ ಹಕ್ಕು. ಅದನ್ನು ಮೀರಿದ ಒಂದೊಂದು ಕಿಲೋಗೂ ಭಟ್ಟಿ ಒಂದೊಂದು ದಿನ ಆರಿರಬೇಕು. ಅದಕ್ಕೆ ತಣ್ಣನೆಯ ದಿನವೆಂದು ಹೆಸರು. ಹಣದ ದಂಡವಿಲ್ಲ. ಆದರೆ ತಣ್ಣನೆಯ ದಿನಗಳ ಬಾಕಿ ಒಂದು ವರ್ಷವನ್ನು ದಾಟಿದರೆ ಆ ಭಟ್ಟಿಯನ್ನು ಒಡೆದುಹಾಕಬೇಕು.

ಕಾಯಿದೆಯಿಂದ ಒಳ್ಳೆಯದಾಗಿರಲಿಲ್ಲವೆಂದು ಹೇಳುವಂತಿರಲಿಲ್ಲ. ಭಟ್ಟಿ ಸಾಲಿನಲ್ಲಿ ಹಳೆಯ ಟೈರು ಸುಡುವುದು ನಿಂತಿತ್ತು. ಅಲ್ಲಿನ ಮಕ್ಕಳ ಕೆಮ್ಮು ಕಡಿಮೆಯಾಗಿತ್ತು. ಅದರ ಅಂಕಿಗಳನ್ನೂ ಉಜ್ಜಿನಪ್ಪನವರೇ ತಯಾರಿಸಿದ್ದರು. ಆದರೆ ಮೂವತ್ತೇಳನೆಯ ಭಟ್ಟಿಗೆ ಈಗ ಒಂಬೈನೂರ ತೊಂಬತ್ತೆಂಟು ದಿನಗಳ ಬಾಕಿ ಬಿದ್ದಿತ್ತು. ಒಡೆಯುವ ದಿನಾಂಕವನ್ನೂ ಯಂತ್ರವೇ ನಮೂದಿಸಿತ್ತು: ಮಾರ್ಚ್ ಹದಿನೈದು.

ಅವರು ಹಾಳೆ ಹಿಡಿದು ನಿರ್ದೇಶಕಿ ಮೃದುಲಾ ಶಾನಭಾಗರ ಕೋಣೆಗೆ ಹೋದರು.

"ಮೇಡಂ, ಈ ಅಂಕಿ ಇರಲಾರದು."

"ಇರಲಾರದು ಅಂದ್ರೆ? ಯಂತ್ರ ಓದಿದೆಯಲ್ಲ."

"ಫೆಬ್ರವರಿಯಲ್ಲಿ ಆ ಭಟ್ಟಿ ಉರಿದದ್ದು ಇಪ್ಪತ್ನಾಲ್ಕು ದಿನ. ನಾಲ್ಕು ಶುಕ್ರವಾರ ರಜೆ. ದಿನಕ್ಕೆ ಮುನ್ನೂರು ಕಿಲೋ ಹೊಟ್ಟು. ಒಟ್ಟು ಏಳು ಸಾವಿರದ ಇನ್ನೂರು. ನೂರು ಕಿಲೋ ಹೊಟ್ಟಿಗೆ ಎರಡು ಕಿಲೋ ಹೊಗೆಧೂಳು ಅಂತ ನಮ್ಮ ಪ್ರಯೋಗಾಲಯದ್ದೇ ಲೆಕ್ಕ. ನೂರ ನಲವತ್ನಾಲ್ಕು ದಾಟೋ ಹಾಗಿಲ್ಲ."

"ಕದ್ದು ಉರಿಸಿರಬಹುದು."

"ಇಷ್ಟು ಧೂಳಿಗೆ ಐವತ್ತೇಳು ಸಾವಿರದ ನಾಲ್ಕುನೂರು ಕಿಲೋ ಹೊಟ್ಟು ಬೇಕು ಮೇಡಂ. ಅದನ್ನ ತರೋಕೆ ಲಾರಿ ಬೇಕು. ಆ ಓಣಿಯಲ್ಲಿ ಕೈಗಾಡಿ ತಿರುಗೋದೇ ಕಷ್ಟ."

"ಹಾಗಾದ್ರೆ ಮಿಕ್ಕ ಸಾವಿರದ ನಾಲ್ಕು ಕಿಲೋ ಎಲ್ಲಿಂದ ಬಂತು ಉಜ್ಜಿನಪ್ಪನವರೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಹಾಳೆಯಲ್ಲಿ ಬರೆಯೋಕೆ ಜಾಗ ಇಲ್ಲ," ಎಂದರು ಆಕೆ. ಕಟುವಾಗಿ ಹೇಳಿದ ಮಾತಲ್ಲ. ಹಾಳೆಯಲ್ಲಿ ನಿಜವಾಗಿಯೂ ಅಂಥ ಜಾಗವಿರಲಿಲ್ಲ.

ಎರಡು ದಿನ ಉಜ್ಜಿನಪ್ಪ ಗುಣಾಕಾರವನ್ನು ಕೈಯಲ್ಲಿ ಮಾಡಿ ನೋಡಿದರು. ಯಂತ್ರ ತಪ್ಪಿರಲಿಲ್ಲ. ಪೆಟ್ಟಿಗೆಗಳನ್ನು ಒರೆಸಿ ಮತ್ತೆ ಓದಿಸಿದರು. ಅವೂ ತಪ್ಪಿರಲಿಲ್ಲ. ಹೊಗೆ ದೂರ ಹೋದಂತೆ ತೆಳುವಾಗಬೇಕು. ಈ ಮಿಕ್ಕ ಧೂಳು ಭಟ್ಟಿಯ ಪಕ್ಕದ ಓಣಿಯ ಪೆಟ್ಟಿಗೆಯಲ್ಲಿ ಸೊನ್ನೆ, ನಾಲ್ಕು ಮೈಲಿ ಆಚೆಯ ಬಡಾವಣೆಯಲ್ಲಿ ದಟ್ಟ. ಗಾಳಿ ಪಡುವಣದಿಂದ ಬೀಸಿದ ದಿನ ಧೂಳು ಪಡುವಣಕ್ಕೇ ಹೋಗಿತ್ತು. ಇನ್ನೂ ವಿಚಿತ್ರವೆಂದರೆ, ಅತಿ ಹೆಚ್ಚು ಧೂಳು ಬಿದ್ದಿದ್ದು ಶುಕ್ರವಾರ ಮತ್ತು ಶನಿವಾರ. ಭಟ್ಟಿ ಆರಿದ ದಿನವೇ ಹೊಗೆ ಹೆಚ್ಚು. ಆ ವಾಕ್ಯವನ್ನು ಅವರು ಒಂದು ಚೀಟಿಯ ಮೇಲೆ ಬರೆದು, ಅದಕ್ಕೆ ಅರ್ಥವಿಲ್ಲವೆಂದು ತಾವೇ ಹೊಡೆದುಹಾಕಿದರು.

ಬುಧವಾರ ಸಂಜೆ ಮನೆಗೆ ಬಂದಾಗ ಹೆಂಡತಿ ದಾಕ್ಷಾಯಣಿ ಹಿತ್ತಲ ಕಲ್ಲಿನ ಮೇಲೆ ಕಂಚಿನ ಪಾತ್ರೆ ತಿಕ್ಕುತ್ತಿದ್ದರು. ಲೆಕ್ಕದವರ ಮನೆಯೆಂದು ಒಂದು ಧೂಳುಪೆಟ್ಟಿಗೆ ಅವರ ಗೋಡೆಗೂ ಬಂದಿತ್ತು. ದಾಕ್ಷಾಯಣಿ ಪಕ್ಕದ ಡಬ್ಬದಿಂದ ಒಂದು ಹಿಡಿ ಬೂದುಬಣ್ಣದ ಪುಡಿ ತೆಗೆದು ಪಾತ್ರೆಯ ಮೇಲೆ ಬಡಿದರು. ಪುಡಿ ಎದ್ದಿತು. ಪೆಟ್ಟಿಗೆಯ ಹಸಿರು ದೀಪ ಮೂರು ಸಲ ಮಿಣುಕಿತು. ಮುಖ ತೊಳೆಯಲು ಬಗ್ಗಿದ್ದ ಉಜ್ಜಿನಪ್ಪ ಹಾಗೆಯೇ ನಿಂತರು.

"ಅದೇನು ಪುಡಿ?"

"ಏನ್ ಪುಡಿ ಅಂದ್ರೆ? ಬೂದಿ."

"ಎಲ್ಲೀದು?"

"ಪೀರಾಂಬಿ ಭಟ್ಟಿದು ಕಣ್ರಿ. ಮದುವೆ ಆಗಿ ಬಂದಾಗಿಂದ ಇದ್ರಲ್ಲೇ ತಿಕ್ತಿದೀನಿ. ಇವತ್ತು ಕಣ್ಣಿಗೆ ಬಿತ್ತಾ?"

"ಯಾವತ್ತು ತರ್ತೀಯ?"

"ಶುಕ್ರವಾರ. ಭಟ್ಟಿ ಆರಿರ್ತೈತಲ್ಲ, ಆವತ್ತೇ ಬೂದಿ ತೆಗೀತಾರೆ. ಅರ್ಧ ಊರೇ ಡಬ್ಬ ಹಿಡ್ಕೊಂಡು ನಿಂತಿರ್ತೈತೆ. ಯಾಕ್ರೀ, ಮುಖ ಹಿಂಗ್ ಮಾಡ್ಕೊಂಡ್ರಿ?"

ಮೂವತ್ತೇಳನೆಯ ಭಟ್ಟಿಯ ಒಡತಿಯ ಹೆಸರು ಪೀರಾಂಬಿ. ಉಜ್ಜಿನಪ್ಪ ಒಳಗೆ ಹೋಗಿ ಕಾಗದ ತೆಗೆದುಕೊಂಡು ಕುಳಿತರು. ಸಾವಿರದ ನಾಲ್ಕು ಕಿಲೋವನ್ನು ನಾಲ್ಕುನೂರರಿಂದ ಭಾಗಿಸಿದರೆ ಎರಡು ಕಿಲೋ ಐನೂರ ಹತ್ತು ಗ್ರಾಂ. ಇಡೀ ತಿಂಗಳಲ್ಲಿ ಇಡೀ ಊರಿನ ಪೆಟ್ಟಿಗೆಗಳೊಳಗೆ ನಿಜವಾಗಿ ಬಿದ್ದದ್ದು ಅಷ್ಟೇ. ಪಾತ್ರೆ ತಿಕ್ಕುವ ಕಲ್ಲಿನ ಮೇಲ್ಗಡೆ ಪೆಟ್ಟಿಗೆ ಇದ್ದಲ್ಲೆಲ್ಲ ಒಂದೊಂದು ಚಿಟಿಕೆ. ಗುರುತುಪುಡಿ ಹೊಗೆಯಲ್ಲಿ ಹಾರುವಂತೆ ಬೂದಿಯಲ್ಲೂ ಉಳಿಯುತ್ತದೆ. ಪೆಟ್ಟಿಗೆ ಓದುವುದು ಗುರುತನ್ನು. ಅದು ಹಾರಿ ಬಂದದ್ದೋ ಡಬ್ಬದಲ್ಲಿ ಬಂದದ್ದೋ ಅದಕ್ಕೆ ತಿಳಿಯದು. ಕಾಯಿದೆಯ ಪುಸ್ತಕವನ್ನು ಬರೆದದ್ದು ಹಿಮ ಬೀಳುವ ಒಂದು ದೇಶದಲ್ಲಿ. ಅದರಲ್ಲಿ ಬೂದಿಗೆ ಇದ್ದದ್ದು ಒಂದೇ ಸಾಲು: ಗುಂಡಿಯಲ್ಲಿ ಹೂಳತಕ್ಕದ್ದು.

ಗುರುವಾರ ಬೆಳಿಗ್ಗೆ ಅವರು ಭಟ್ಟಿ ಸಾಲಿಗೆ ಹೋದರು. ಅರುವತ್ತೆಂಟು ವರ್ಷದ ಪೀರಾಂಬಿ ಕಾದ ಮರಳಿನಲ್ಲಿ ಅಕ್ಕಿ ಸುರಿದು ಕೈಯಾಡಿಸುತ್ತಿದ್ದಳು; ಅಕ್ಕಿ ಸಿಡಿದು ಬೆಳ್ಳಗೆ ಅರಳುತ್ತಿತ್ತು. ಸೊಸೆ ಶಮ್ಶಾದ್ ಮರಳು ಬೇರೆ ಮಂಡಕ್ಕಿ ಬೇರೆ ಮಾಡಿ ಜರಡಿ ಹಿಡಿಯುತ್ತಿದ್ದಳು. ಆ ಮನೆಯ ಏಳು ಮಂದಿ ಉಣ್ಣುತ್ತಿದ್ದದ್ದು ಈ ಒಂದು ಬೆಂಕಿಯಿಂದ.

"ಬರ್ರಿ ಲೆಕ್ಕದ ಸಾಹೇಬ್ರೆ. ಒಡಿಯಾಕೆ ಇವತ್ತೇ ಬಂದ್ರೇನು? ಹದಿನೈದು ಅಂದಿದ್ರಲ್ಲ."

"ಒಡೆಯೋಕೆ ಅಲ್ಲ ಪೀರಮ್ಮ. ಬೂದಿ ವಿಷಯ ಕೇಳೋಕೆ. ಅದನ್ನ ಯಾಕೆ ಹೂಳಲ್ಲ ನೀವು?"

"ಹೂಳಾಕೆ ಅದೇನು ಹೆಣ ಏನ್ರಿ?"

"ಉಳಿದ ಭಟ್ಟಿಯವರೆಲ್ಲ ಇಟ್ಟಿಗೆಯವರಿಗೆ ಮಾರ್ತಾರೆ. ಲಾರಿಯಲ್ಲಿ ಊರಾಚೆ ಹೋಗ್ತದೆ."

"ಮಾರ್ಲಿ. ನಮ್ಮತ್ತಿ ಮಾರಿಲ್ಲ, ನಾನೂ ಮಾರಿಲ್ಲ. ಅಕ್ಕಿ ನಂದು, ಉಪ್ಪು ನಂದು, ಮೈಬೆವರು ನಂದು, ಅದಕ್ಕ ರೊಕ್ಕ ಇಸಕಂತೀನಿ. ಬೂದಿ ತಾನಾಗೇ ಆದದ್ದು. ಕೇಳಿದೋರಿಗೆ ಕೊಡದು."

"ಯಾರ್ಯಾರು ಒಯ್ತಾರೆ? ಹೆಸರು ಗೊತ್ತಾ?"

"ಹೆಸರು ಯಾರು ಕೇಳ್ತಾರ್ರಿ? ಡಬ್ಬ ಗೊತ್ತು. ನೀಲಿ ಡಬ್ಬದಾಕಿ, ಹಿಡಿಕಿ ಮುರದಿರೋ ಬಕೀಟಿನಾಕಿ, ಬಣ್ಣದ ಡಬ್ಬದಾಕಿ. ಒಬ್ಬಾಕಿ ಸೊಟ್ಟ ಗಡಗಿ ತರ್ತಾಳ, ಅದ್ರಾಗ ಎಷ್ಟು ಹಾಕಿದ್ರೂ ತುಂಬದಿಲ್ಲ."

"ಹಿತ್ತಾಳಿ ಮುಚ್ಚಳದ ಡಬ್ಬದೋರು ಇವ್ರ ಮನೆಯೋರೇ ಅತ್ತಿ," ಎಂದಳು ಶಮ್ಶಾದ್, ಜರಡಿಯಿಂದ ತಲೆ ಎತ್ತದೆ. "ಸಾಹೇಬ್ರು ಹೊಗಿ ಅಷ್ಟೇ ಎಣಿಸ್ತಾರ, ಮನ್ಯಾಗಿನ ಡಬ್ಬ ಎಣಿಸದಿಲ್ಲ."

ಉಜ್ಜಿನಪ್ಪ ಕನ್ನಡಕ ತೆಗೆದು ಒರೆಸಿದರು. ಅದಕ್ಕೆ ಧೂಳು ಹಿಡಿದಿರಲಿಲ್ಲ.

ಮಧ್ಯಾಹ್ನ ಅವರು ಎಲ್ಲವನ್ನೂ ನಿರ್ದೇಶಕಿಯ ಮುಂದಿಟ್ಟರು. ಹಿತ್ತಾಳೆ ಮುಚ್ಚಳದ ಡಬ್ಬವೊಂದನ್ನು ಬಿಟ್ಟು.

"ಬಿದ್ದದ್ದು ಎರಡೂವರೆ ಕಿಲೋ ಮೇಡಂ. ಅದನ್ನ ಸಾವಿರ ಮಾಡಿದ್ದು ನಾವು. ಬೂದಿಗೆ ನಾಲ್ಕುನೂರರ ಗುಣಾಕಾರ ಹೊಂದೋದಿಲ್ಲ."

"ಒಪ್ತೀನಿ. ಆದ್ರೆ ಗುಣಕ ಬದಲಾಯಿಸೋ ಅಧಿಕಾರ ನನಗಿಲ್ಲ. ಈ ಯೋಜನೆಗೆ ಹಣ ಕೊಟ್ಟ ದೇಶಗಳ ಒಪ್ಪಂದದಲ್ಲಿ ಅದು ಸೇರಿಹೋಗಿದೆ. ಪತ್ರ ಬರೀತೀನಿ. ಉತ್ತರ ಬರೋಕೆ ಎಂಟು ತಿಂಗಳು. ಭಟ್ಟಿ ಒಡೆಯೋಕೆ ಏಳು ದಿನ." ಆಕೆ ಪುಸ್ತಕ ತಿರುವಿ ಒಂದು ಕಡೆ ಬೆರಳಿಟ್ಟರು. "ಇಲ್ಲಿ ನೋಡಿ. ಒಡೆಯರಿಂದ ಇನ್ನೊಬ್ಬರು ಸ್ವಇಚ್ಛೆಯಿಂದ ಒಯ್ದ ಧೂಳು ಒಯ್ದವರಿಗೇ ಸೇರಿದ್ದು. ಒಯ್ದವರು ಸಹಿ ಮಾಡಿ ಒಪ್ಪಿಕೊಂಡ್ರೆ ಸಾವಿರದ ನಾಲ್ಕೂ ಅವರ ಹೆಸರಿಗೆ ಹೋಗ್ತದೆ, ಸಮನಾಗಿ. ಕಿಲೋಗೆ ಒಂದು ದಿನ ಅವರ ಮನೆ ಒಲೆಗೆ ಮುದ್ರೆ."

"ಅವರದೂ ಸಾವಿರ ಆಗಿರೋದಿಲ್ಲವಲ್ಲ ಮೇಡಂ. ಸುಳ್ಳು ಬಾಕಿಯನ್ನ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಿದ ಹಾಗಾಯ್ತು."

"ಭಟ್ಟಿ ಉಳೀತದೆ. ಇನ್ನೊಂದು ದಾರಿ ನಿಮಗೆ ಕಂಡ್ರೆ ಹೇಳಿ."

ಅವರಿಗೆ ಕಾಣಲಿಲ್ಲ. ಉಜ್ಜಿನಪ್ಪ ಏಳುವಾಗ ಆಕೆ ಮತ್ತೊಂದು ಮಾತು ಸೇರಿಸಿದರು: "ಬಾಕಿ ಇರೋ ಮನೆಯವರು ಲೆಕ್ಕದ ಹಾಳೆಗೆ ಸಹಿ ಹಾಕೋ ಹಾಗಿಲ್ಲ. ನಿಮ್ಮ ಸಿಬ್ಬಂದಿಗೂ ತಿಳಿಸಿಬಿಡಿ."

"ತಿಳಿಸ್ತೀನಿ," ಎಂದು ಉಜ್ಜಿನಪ್ಪ ಹೊರಬಂದರು. ನಿವೃತ್ತಿಗೆ ಇನ್ನು ನಾಲ್ಕು ವರ್ಷವಿತ್ತು. ಅಂಕಿಗಳ ಕೆಳಗೆ ತಮ್ಮ ಹೆಸರನ್ನು ಬರೆಯುವುದನ್ನು ಬಿಟ್ಟರೆ ಬೇರೆ ಕೆಲಸ ಅವರಿಗೆ ಗೊತ್ತಿರಲಿಲ್ಲ. ಹೇಳದೆ ಉಳಿದರೆ ಅದು ಸುಳ್ಳಾಗುತ್ತದೆಯೋ, ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡದಿದ್ದಂತೆ ಮಾತ್ರವೋ ಎಂದು ದಾರಿಯುದ್ದಕ್ಕೂ ಯೋಚಿಸಿದರು. ಮನೆ ಬಂತು, ನಿರ್ಣಯ ಬರಲಿಲ್ಲ.

ಮರುದಿನ ಶುಕ್ರವಾರ. ಆರಿದ ಭಟ್ಟಿಯ ಬಾಯಿಂದ ಪೀರಾಂಬಿ ಬೂದಿ ಎಳೆದು ರಾಶಿ ಹಾಕಿದಳು. ರಾಶಿಯ ಪಕ್ಕದಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಉಜ್ಜಿನಪ್ಪ, ತೊಡೆಯ ಮೇಲೆ ಒಪ್ಪಿಗೆ ಪತ್ರಗಳ ಕಟ್ಟು. ಒಂಬತ್ತು ಗಂಟೆಯ ಹೊತ್ತಿಗೆ ಡಬ್ಬಗಳು ಬಂದವು. ಅವರು ಎದ್ದು ನಿಂತು ವಿಷಯವನ್ನು ವಿವರಿಸಿದರು.

"ಐನೂರ ಎರಡು ಮನೆಯವರು ಸಹಿ ಹಾಕಿದ್ರೆ ಒಂದು ಮನೆಗೆ ಎರಡೇ ದಿನ. ಎರಡು ದಿನ ಒಲೆ ಹಚ್ಚದಿದ್ರೆ ಆಯ್ತು."

"ಹತ್ತೇ ಜನ ಹಾಕಿದ್ರೆ?" ಎಂದು ನೀಲಿ ಡಬ್ಬದಾಕೆ ಕೇಳಿದಳು.

"ಒಂದೊಂದು ಮನೆಗೆ ನೂರು ದಿನ."

"ಹಂಗಾದ್ರೆ ಮೊದಲು ಉಳದೋರು ಹಾಕ್ಲಿ ಬಿಡ್ರಿ. ನಾನು ಕಡೀಗೆ ಬರ್ತೀನಿ."

"ಎಲ್ಲರೂ ಕಡೀಗೆ ಬರ್ತೀನಿ ಅಂದ್ರೆ ಮೊದಲು ಯಾರು ಬರಬೇಕಮ್ಮ?"

"ಅದು ಲೆಕ್ಕದೋರಿಗೆ ಗೊತ್ತಿರಬೇಕಲ್ಲ," ಎಂದಳು ಆಕೆ. ಸಾಲಿನಲ್ಲಿ ನಗೆ ಹರಿಯಿತು.

ಸೊಟ್ಟ ಗಡಿಗೆಯ ಮುದುಕಿ ಮುಂದೆ ಬಂದು, "ನಾನು ಪಾತ್ರೆ ತಿಕ್ಕದಿಲ್ಲಪ್ಪ, ಹಲ್ಲು ತಿಕ್ತೀನಿ. ಇರೋವು ನಾಕು. ನಾಕು ಹಲ್ಲಿಗೆ ಎಷ್ಟು ದಿನ?" ಎಂದು ಕೇಳಿದಳು. ಅದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಮತ್ತೊಬ್ಬಳು ತಾನು ಸೋಪಿನ ಪುಡಿಯನ್ನೇ ಬಳಸುವುದೆಂದು ಹೇಳಿ, ಕೈಯಲ್ಲಿದ್ದ ಬಕೀಟನ್ನು ಸೆರಗಿನೊಳಗೆ ಸೇರಿಸಿದಳು. "ಊರಾಚೆ ದೊಡ್ಡ ಚಿಮಣಿ ಐತಲ್ಲ, ಅದರ ಹೊಗಿಗೆ ಯಾಕ್ರೀ ಹೆಸರಿಲ್ಲ?" ಎಂದು ಹಿಂದಿನಿಂದ ಯಾರೋ ಕೇಳಿದರು. ಅದರ ಇಂಧನ ಮುಚ್ಚಿದ ಕೊಳವೆಯಲ್ಲಿ ಬರುವುದರಿಂದ ಗುರುತುಪುಡಿಯ ನಿಯಮ ಅನ್ವಯಿಸುವುದಿಲ್ಲವೆಂದು ಉಜ್ಜಿನಪ್ಪ ಹೇಳಿದರು. ಹೇಳುವಾಗ ಆ ವಾಕ್ಯ ಅವರ ಕಿವಿಗೇ ಹೊಸದಾಗಿ ಕೇಳಿಸಿತು.

ಹನ್ನೊಂದರ ಹೊತ್ತಿಗೆ ಒಂದು ಸಹಿಯೂ ಆಗಿರಲಿಲ್ಲ. ಆಗ ಹಿತ್ತಾಳೆ ಮುಚ್ಚಳದ ಡಬ್ಬ ಹಿಡಿದು ದಾಕ್ಷಾಯಣಿ ಬಂದರು.

"ನೀನ್ಯಾಕೆ ಬಂದೆ?" ಎಂದು ಉಜ್ಜಿನಪ್ಪ ತಗ್ಗಿದ ದನಿಯಲ್ಲಿ ಕೇಳಿದರು.

"ಶುಕ್ರವಾರ ಅಲ್ವಾ?"

"ಮನೆಗೆ ಹೋಗು."

"ಡಬ್ಬ ತುಂಬಿದ್ಮೇಲೆ ಹೋಗ್ತೀನಿ. ಅದೇನು ಕಾಗದ, ಇಲ್ಲಿ ಕೊಡ್ರಿ." ದಾಕ್ಷಾಯಣಿ ಪೂರ್ತಿ ಓದಿದರು. "ಇದ್ರಲ್ಲಿ ನನ್ನ ಹೆಸರು ಎಲ್ಲಿ ಬರೀಬೇಕು?"

"ದಾಕ್ಷಾಯಣಿ, ನೀನು ಸಹಿ ಹಾಕಿದ್ರೆ ನನ್ನ ಕುರ್ಚಿ ಹೋಗ್ತದೆ."

"ಹಾಕದಿದ್ರೆ ಇವರ ಭಟ್ಟಿ ಹೋಗ್ತದೆ. ಎರಡ್ರಲ್ಲಿ ಯಾವುದು ದೊಡ್ಡದು? ನೀವು ಲೆಕ್ಕದೋರು, ಹೇಳ್ರಿ."

ಏಳು ಮಂದಿಯ ಅನ್ನ ಒಂದು ಕಡೆ, ಒಂದು ಕುರ್ಚಿ ಇನ್ನೊಂದು ಕಡೆ, ಲೆಕ್ಕ ಕಷ್ಟದ್ದಾಗಿರಲಿಲ್ಲ. ಆದರೂ ಉಜ್ಜಿನಪ್ಪ ಪತ್ರಗಳ ಕಟ್ಟಿನ ಅಂಚನ್ನು ಸರಿಪಡಿಸತೊಡಗಿದರು. ಅಷ್ಟರಲ್ಲಿ ದಾಕ್ಷಾಯಣಿ ಅವರ ಜೇಬಿನಿಂದಲೇ ಪೆನ್ನು ತೆಗೆದು ಸಹಿ ಹಾಕಿ, ಬೂದಿ ತುಂಬಿಸಿಕೊಂಡು, ಸಾಲಿನಲ್ಲಿದ್ದವರ ಕಡೆ ತಿರುಗಿ ನೋಡದೆ ಹೊರಟುಹೋದರು.

ಸೂರ್ಯ ಮುಳುಗುವ ಹೊತ್ತಿಗೆ ಪತ್ರಗಳನ್ನು ಎಣಿಸಿದರು: ಹತ್ತೊಂಬತ್ತು. ನಾಲ್ಕು ಹಲ್ಲಿನ ಮುದುಕಿಯದೂ ಅದರಲ್ಲಿತ್ತು. ನೀಲಿ ಡಬ್ಬದಾಕೆಯದು ಇರಲಿಲ್ಲ. ನೂರಕ್ಕೂ ಹೆಚ್ಚು ಡಬ್ಬಗಳು ಬಂದ ದಾರಿಯಲ್ಲೇ ಖಾಲಿ ಹೋಗಿದ್ದವು. ಸಾವಿರದ ನಾಲ್ಕನ್ನು ಹತ್ತೊಂಬತ್ತರಿಂದ ಭಾಗಿಸಿದರೆ ಮನೆಗೆ ಐವತ್ತೆರಡು ದಿನ, ಶೇಷ ಹದಿನಾರು.

"ಶೇಷಕ್ಕೂ ಒಂದು ಹೆಸರು ಬೇಕು," ಎಂದರು ಉಜ್ಜಿನಪ್ಪ.

"ನಂದು ಬರಕೊಳ್ರಿ," ಎಂದಳು ಪೀರಾಂಬಿ. "ಕೊಟ್ಟಾಕಿ ನಾನೇ ಅಲ್ಲೇನ್ರಿ?"

ನೂರ ನಲವತ್ನಾಲ್ಕಕ್ಕೆ ಹದಿನಾರು ಕೂಡಿದರೆ ನೂರ ಅರುವತ್ತು. ಹಕ್ಕಿನ ನೂರೈವತ್ತನ್ನು ಕಳೆದರೆ ಹತ್ತು. ಒಂಬೈನೂರ ತೊಂಬತ್ತೆಂಟಿದ್ದದ್ದು ಹತ್ತು ತಣ್ಣನೆಯ ದಿನಕ್ಕೆ ಬಂದು ನಿಂತಿತು.

ಸೋಮವಾರ ಮೃದುಲಾ ಶಾನಭಾಗ ಪತ್ರಗಳನ್ನು ತಿರುವಿದರು. ಮೊದಲನೆಯದನ್ನು ಬಹಳ ಹೊತ್ತು ನೋಡಿದರು.

"ಇದು ನಿಮ್ಮ ಮನೆ."

"ಹೌದು ಮೇಡಂ."

"ಗುರುವಾರವೇ ಗೊತ್ತಿತ್ತಾ?"

"ಗೊತ್ತಿತ್ತು."

ಆಕೆ ಪೆನ್ನು ತೆರೆದರು. "ಈ ಹಾಳೆಗೆ ನಿಮ್ಮ ಸಹಿ ನಡೆಯೋದಿಲ್ಲ," ಎಂದು ತಮ್ಮದನ್ನೇ ಹಾಕಿದರು. ಭಟ್ಟಿ ಒಡೆಯುವ ಆದೇಶ ರದ್ದಾಯಿತು. ಮರುದಿನದಿಂದ ಉಜ್ಜಿನಪ್ಪನವರಿಗೆ ಒಂದು ಬುರುಸು, ಒಂದು ಏಣಿ ಮತ್ತು ಇನ್ನೂರ ಹನ್ನೆರಡು ಪೆಟ್ಟಿಗೆಗಳ ಪಟ್ಟಿಯನ್ನು ಕೊಟ್ಟರು. ಅವರು ಹಿತ್ತಲಿಂದ ಹಿತ್ತಲಿಗೆ ಹೋಗಿ ಪೆಟ್ಟಿಗೆಗಳ ಬಾಯಿ ಒರೆಸಿದರು. ಹಲವು ಹಿತ್ತಲುಗಳಲ್ಲಿ ಕಲ್ಲಿನ ಪಕ್ಕದಲ್ಲಿ ಬೂದಿಯ ಡಬ್ಬ ಇತ್ತು. ಅವರನ್ನು ಕಂಡ ಕೂಡಲೇ ಯಾರಾದರೂ ಬಂದು ಅದರ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಅವರು ನೋಡಿದರೋ ಇಲ್ಲವೋ ಎಂಬುದು ಅವರಿಗೇ ಸ್ಪಷ್ಟವಿರಲಿಲ್ಲ.

ಹದಿನಾರನೆಯ ತಾರೀಖಿನಿಂದ ಹತ್ತೊಂಬತ್ತು ಒಲೆಗಳಿಗೆ ಮುದ್ರೆ ಬಿತ್ತು. ಭಟ್ಟಿಯ ತಣ್ಣನೆಯ ದಿನಗಳೂ ಅಂದೇ ಮೊದಲಾದವು. ನೆನೆಸಿದ ಮಂಡಕ್ಕಿ, ಬಾಳೆಹಣ್ಣು, ನೆರೆಯವರು ಮುಖ ತಿರುಗಿಸಿಕೊಂಡು ಕೊಟ್ಟ ಸಾರು, ಹೀಗೆ ಒಂದೊಂದು ದಿನ ಸಾಗಿತು. ಪೀರಾಂಬಿ ಹತ್ತೊಂಬತ್ತು ಮನೆಗೂ ಹೇಳಿಕಳಿಸಿದ್ದಳು: ಭಟ್ಟಿ ಹಚ್ಚಿದ ಮೇಲೆ ಅಕ್ಕಿಯ ಪಾತ್ರೆ ತನ್ನಿರಿ, ಮರಳು ಕಾಯುವ ಉರಿಯ ಬದಿಯಲ್ಲಿ ಅನ್ನವೂ ಬೇಯುತ್ತದೆ. ಇನ್ನೊಬ್ಬರ ಬೆಂಕಿಯ ಮೇಲೆ ಪಾತ್ರೆ ಇಡಬಹುದೇ ಎಂದು ಉಜ್ಜಿನಪ್ಪ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಹುಡುಕಿದರು. ಇಡಬಹುದೆಂದೂ ಇರಲಿಲ್ಲ, ಇಡಬಾರದೆಂದೂ ಇರಲಿಲ್ಲ.

ಇಪ್ಪತ್ತಾರನೆಯ ತಾರೀಖು ಬೆಳಿಗ್ಗೆ ಕೇಂದ್ರದ ಬಾಕಿ ಹಾಳೆಯಲ್ಲಿ ಮೂವತ್ತೇಳನೆಯ ಭಟ್ಟಿಯ ಮುಂದೆ ಸೊನ್ನೆ ಬಂತು. ಉಜ್ಜಿನಪ್ಪ ಅದನ್ನು ಕಣ್ಣಾರೆ ನೋಡಿ, ಮನೆಯಿಂದ ತೊಳೆದ ಅಕ್ಕಿಯ ಪಾತ್ರೆ ತೆಗೆದುಕೊಂಡು ಭಟ್ಟಿ ಸಾಲಿಗೆ ಹೋದರು. ಆಗಲೇ ಆರು ಮಂದಿ ಪಾತ್ರೆ ಹಿಡಿದು ನಿಂತಿದ್ದರು. ಭಟ್ಟಿ ಆರಿತ್ತು. ಪೀರಾಂಬಿ ಹೊಸ್ತಿಲ ಮೇಲೆ ಕುಳಿತು ಮರಳಿನಿಂದ ಕಲ್ಲು ಆರಿಸುತ್ತಿದ್ದಳು.

"ಯಾಕೆ ಪೀರಮ್ಮ ಹಚ್ಚಿಲ್ಲ? ಹಾಳೆಯಲ್ಲಿ ಸೊನ್ನೆ ಆಗಿದೆ. ಹದಿನಾರರಿಂದ ಇಪ್ಪತ್ತೈದು, ಹತ್ತು ದಿನ ಸರಿಹೋಯ್ತು."

"ಅದ್ರಾಗ ಎರಡು ಶುಕ್ರವಾರ ಅದಾವಲ್ರಿ."

"ಇದ್ರೇನಾಯ್ತು?"

"ಶುಕ್ರವಾರ ನಾನು ಹೆಂಗೂ ಹಚ್ಚದಿಲ್ಲ. ಹಚ್ಚದ ಬೆಂಕಿನ ಆರಿಸಿದೆ ಅಂತ ಹೆಂಗ ಬರಿಸ್ಲಿ?"

ಉಜ್ಜಿನಪ್ಪ ಬೆರಳು ಮಡಿಸಿದರು. ಹದಿನೇಳರಿಂದ ಇಪ್ಪತ್ತೆರಡು, ಆರು. ಇಪ್ಪತ್ನಾಲ್ಕು, ಇಪ್ಪತ್ತೈದು, ಎರಡು. ಒಟ್ಟು ಎಂಟು. ಕಾಯಿದೆಯ ಪ್ರಕಾರ ಹತ್ತು. ಎರಡೂ ಸರಿಯಾಗಿಯೇ ಇದ್ದವು.

"ಕಾಯಿದೆಯಲ್ಲಿ ಯಾವ ದಿನ ಆರಿದ್ರೂ ತಣ್ಣನೆಯ ದಿನವೇ," ಎಂದರು.

"ನಿಮ್ಮ ಹಾಳಿ ನೀವು ತುಂಬಿರಿ. ಇದು ನಂದು. ಬುಧವಾರ ಹಚ್ತೀನಿ."

"ಅಲ್ಲಿ ಮಟ ನಾವು ಏನು ಮಾಡಾದು?" ಎಂದು ನಾಲ್ಕು ಹಲ್ಲಿನ ಮುದುಕಿ ಗೊಣಗಿದಳು. ಪೀರಾಂಬಿ ಒಳಗೆ ಕೈತೋರಿಸಿ, "ಚೀಲದಾಗ ಮಂಡಕ್ಕಿ ಐತಿ, ಒಯ್ಯಿ. ನೆನಸಿದ್ರೆ ಹಲ್ಲು ಬೇಕಾಗದಿಲ್ಲ," ಎಂದಳು.

ಉಜ್ಜಿನಪ್ಪ ಪಾತ್ರೆ ಹಿಡಿದು ಮನೆಗೆ ಮರಳಿದರು. ದಾಕ್ಷಾಯಣಿ ಮುಚ್ಚಳ ತೆಗೆದು ನೋಡಿದರು.

"ಯಾಕ್ರೀ, ಅಕ್ಕಿ ಹಂಗೇ ಐತಲ್ಲ?"

"ಇನ್ನೂ ಎರಡು ದಿನ ಬಾಕಿ."

"ಯಾರದು ಬಾಕಿ?"

ಅವರು ಪಾತ್ರೆಯನ್ನು ಮುದ್ರೆ ಹಾಕಿದ ಒಲೆಯ ಪಕ್ಕದಲ್ಲಿ ಇಟ್ಟರು. ಪೀರಾಂಬಿಯದೆಂದರೆ ಹಾಳೆಯಲ್ಲಿ ಸೊನ್ನೆಯಿತ್ತು. ತಮ್ಮದೆಂದರೆ ತಮ್ಮ ಹೆಸರಿನಲ್ಲಿ ಬೇರೆ ನಲವತ್ತೆರಡು ದಿನಗಳಿದ್ದವು.

"ಎರಡು ಅನ್ನೋದು ಖಾತ್ರಿ," ಎಂದರು. "ಯಾರದು ಅಂತ ತಿಳೀತಿಲ್ಲ."